ಫ್ರಿಜ್ಜಿನ ಬಾಗಿಲಲ್ಲಿ ಒಂದು ಪುಟ್ಟ ಬಾಟಲಿ

ದಸರಾ ರಜೆಗೆ ಬಂದಿದ್ದ ಮೊಮ್ಮಗ ಐಸ್‌ಕ್ರೀಮ್ ಹುಡುಕುತ್ತಾ ಫ್ರಿಜ್ ತೆಗೆದವನು ನನ್ನ ಇನ್ಸುಲಿನ್ ಬಾಟಲಿಯನ್ನು ಕೈಗೆತ್ತಿಕೊಂಡ. ಏಳನೇ ಕ್ಲಾಸು. ಅಕ್ಷರ ಕಂಡಲ್ಲೆಲ್ಲ ಓದುವ ಚಾಳಿ.

“ತಾತ, ಇದರ ಮೇಲೆ ‘ಆರ್‌ಡಿಎನ್‌ಎ ಒರಿಜಿನ್’ ಅಂತ ಬರೆದಿದೆ. ಅದು ಯಾವೂರು?”

ಹತ್ತು ವರ್ಷದಿಂದ ಆ ಬಾಟಲಿ ಹಿಡಿಯುತ್ತಿದ್ದೇನೆ. ಬೆಲೆ ನೋಡಿದ್ದೇನೆ, ಎಕ್ಸ್‌ಪೈರಿ ತಾರೀಖು ನೋಡಿದ್ದೇನೆ, ಆ ಒಂದು ಸಾಲನ್ನು ಮಾತ್ರ ನೋಡಿರಲಿಲ್ಲ. ಬ್ಯಾಂಕಿನಲ್ಲಿ ಇದ್ದಾಗ ಸಣ್ಣಕ್ಷರ ಓದದೆ ಸಹಿ ಹಾಕುವವರನ್ನು ಗದರುತ್ತಿದ್ದವನು ನಾನು!

ಮಕ್ಕಳೇ, ಅದು ಊರಲ್ಲ. ಆದರೆ ಹುಡುಗ ಕೇಳಿದ ಪ್ರಶ್ನೆ ಸರಿಯಾದದ್ದೇ. ಇನ್ಸುಲಿನ್ ಎಲ್ಲಿಂದ ಬರುತ್ತದೆ ಎನ್ನುವುದು ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ದೊಡ್ಡ ವಿಷಯವಾಗಿತ್ತು.

ನಾನು ಅವನಷ್ಟೇ ಇದ್ದಾಗ ನಮ್ಮ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ. ಹಳ್ಳಿಗೆ ಕರೆಂಟೇ ಬಂದಿರಲಿಲ್ಲ, ಇನ್ನು ಫ್ರಿಜ್ ಎಲ್ಲಿಯದು? ಪೇಟೆಯಿಂದ ಬಸ್ ಕಂಡಕ್ಟರ್ ಕೈಯಲ್ಲಿ ಬಾಟಲಿ ಬರುತ್ತಿತ್ತು. ಅದನ್ನು ಒದ್ದೆ ಮರಳು ತುಂಬಿದ ಮಡಕೆಯಲ್ಲಿ ಹೂತು, ಮೇಲೆ ಒದ್ದೆ ಬಟ್ಟೆ ಹಾಸಿ, ಅಡುಗೆಮನೆಯ ಕತ್ತಲ ಮೂಲೆಯಲ್ಲಿ ಇಡುತ್ತಿದ್ದರು. ಗಾಜಿನ ಸಿರಿಂಜನ್ನು ದಿನಾ ಕುದಿಸುವುದು ದೊಡ್ಡಮ್ಮನ ಕೆಲಸ. ಮರಳಿಗೆ ನೀರು ಚಿಮುಕಿಸುವುದು ನನ್ನದು. ಒಂದು ಸಲ ಮೂರು ದಿನ ಬಸ್ಸೇ ಬರಲಿಲ್ಲ. ದೊಡ್ಡಪ್ಪ ನಾಲ್ಕನೆಯ ದಿನ ಜಗಲಿಯಲ್ಲೇ ಎಚ್ಚರ ತಪ್ಪಿದರು. ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಆಗಿನ ಇನ್ಸುಲಿನ್ ಬರುತ್ತಿದ್ದದ್ದು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ. ನಮ್ಮದು ಮೊಟ್ಟೆ ಕೂಡ ಒಳಗೆ ತರದ ಮನೆ. ದೊಡ್ಡಪ್ಪನಿಗೆ ಗೊತ್ತಿತ್ತು, ಅಜ್ಜಿಗೆ ಹೇಳಿರಲಿಲ್ಲ. ಯಾರೋ ಬಂದ ನೆಂಟರು ಬಾಯಿ ತಪ್ಪಿ ಹೇಳಿಬಿಟ್ಟರು. ಅಜ್ಜಿ ಆ ದಿನ ಯಾರ ಹತ್ತಿರವೂ ಮಾತಾಡಲಿಲ್ಲ, ಊಟವನ್ನೂ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಏಳುವ ಮೊದಲೇ ಮಡಕೆಯ ಮರಳು ಒದ್ದೆಯಾಗಿತ್ತು. ನೀರು ಹಾಕಿದ್ದು ಅಜ್ಜಿ.

ಇನ್ಸುಲಿನ್ ಕಂಡುಹಿಡಿದದ್ದು ಕೆನಡಾ ದೇಶದ ಟೊರಾಂಟೊದಲ್ಲಿ, 1921ರಲ್ಲಿ. ಅಲ್ಲಿಯವರೆಗೆ ಈ ಕಾಯಿಲೆ ಬಂದ ಮಕ್ಕಳು ಬದುಕುತ್ತಲೇ ಇರಲಿಲ್ಲ. ಊಟ ಕಡಿಮೆ ಮಾಡಿಸಿ ಕೆಲವು ತಿಂಗಳು ಸಾವನ್ನು ಮುಂದೂಡುತ್ತಿದ್ದರು, ಅಷ್ಟೆ. 1922ರ ಜನವರಿಯಲ್ಲಿ 14 ವರ್ಷದ ಲೆನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಮೊದಲ ಇಂಜೆಕ್ಷನ್ ಕೊಟ್ಟರು. ಅದು ಅಷ್ಟಾಗಿ ಕೆಲಸ ಮಾಡಲಿಲ್ಲ. ಹನ್ನೆರಡು ದಿನ ಬಿಟ್ಟು, ಇನ್ನಷ್ಟು ಶುದ್ಧ ಮಾಡಿ ಮತ್ತೆ ಕೊಟ್ಟರು. ಹುಡುಗ ಚೇತರಿಸಿಕೊಂಡ, ಇನ್ನೂ ಹದಿಮೂರು ವರ್ಷ ಬಾಳಿದ. ಅದನ್ನು ಕಂಡುಹಿಡಿದ ಬಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ 1923ರಲ್ಲಿ ತಮ್ಮ ಪೇಟೆಂಟ್ ಹಕ್ಕನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಮಾರಿದರು. ಬೆಲೆ ತಲಾ ಒಂದು ಡಾಲರ್. ಮೂವತ್ತೈದು ವರ್ಷ ಲೆಡ್ಜರ್ ಬರೆದ ನಾನು ಇಂಥ ಎಂಟ್ರಿಯನ್ನು ಒಂದು ಸಲವೂ ಕಂಡಿಲ್ಲ.

ಪ್ರಾಣಿಗಳಿಂದ ತೆಗೆಯುವುದು ಸುಲಭವಾಗಿರಲಿಲ್ಲ. ಎರಡು ಟನ್ನಿಗೂ ಹೆಚ್ಚು ಹಂದಿಯ ಅಂಗಾಂಗ ಸಂಸ್ಕರಿಸಿದರೆ ಸಿಗುತ್ತಿದ್ದ ಇನ್ಸುಲಿನ್ ಕಾಲು ಕಿಲೋದಷ್ಟೂ ಇಲ್ಲ. ರೋಗಿಗಳು ಹೆಚ್ಚುತ್ತಲೇ ಇದ್ದರು. ಇಲ್ಲಿಗೆ ಬರುತ್ತದೆ ನೋಡಿ, ನಮ್ಮ ‘ಆರ್‌ಡಿಎನ್‌ಎ’.

ನಮ್ಮ ಮೈಯ ಪ್ರತಿಯೊಂದು ಜೀವಕೋಶದಲ್ಲೂ ಒಂದು ದಪ್ಪ ಪುಸ್ತಕ ಇದೆ ಎಂದುಕೊಳ್ಳಿ. ಅದರ ಹೆಸರು ಡಿಎನ್‌ಎ. ಕಣ್ಣಿನ ಬಣ್ಣ, ಕೂದಲಿನ ಗುಂಗುರು, ಇನ್ಸುಲಿನ್ ಮಾಡುವ ವಿಧಾನ ಎಲ್ಲ ಅದರಲ್ಲಿ ಬರೆದಿದೆ. ಇನ್ಸುಲಿನ್ನಿನ ಆ ಒಂದು ಪುಟಕ್ಕೆ ಸರಿಯಾಗಿ ಒಂದು ನಕಲು ತಯಾರಿಸಿ, ಅದನ್ನು ಒಂದು ಸೂಕ್ಷ್ಮಜೀವಿಯ ಪುಸ್ತಕಕ್ಕೆ ಅಂಟಿಸಿದರು. ಪಾಪ, ಆ ಜೀವಿಗೆ ಇದು ತನ್ನ ಪುಟವಲ್ಲ ಎಂದು ಗೊತ್ತಾಗುವುದಿಲ್ಲ. ಓದುತ್ತದೆ, ಮಾಡುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುವಾಗ ಎಲ್ಲವೂ ಅದನ್ನೇ ಮಾಡುತ್ತವೆ. ಹಾಗೆ ತಯಾರಾದದ್ದು ಹಂದಿಯ ಇನ್ಸುಲಿನ್ ಅಲ್ಲ, ಮನುಷ್ಯರ ಇನ್ಸುಲಿನ್. ಅಮೆರಿಕದ ವಿಜ್ಞಾನಿಗಳು 1978ರಲ್ಲಿ ಬ್ಯಾಕ್ಟೀರಿಯಾದಿಂದ ಇದನ್ನು ಮಾಡಿಸಿದರು. 1982ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆ ಸಿಕ್ಕಿ ಅಂಗಡಿಗೆ ಬಂತು.

ಅದೇ 1978ರಲ್ಲಿ ಬೆಂಗಳೂರಿನ ಒಂದು ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, ಹತ್ತು ಸಾವಿರ ರೂಪಾಯಿ ಬಂಡವಾಳದಲ್ಲಿ, ಕಿರಣ್ ಮಜುಂದಾರ್ ಎಂಬ ಇಪ್ಪತ್ತೈದರ ಹೆಣ್ಣುಮಗಳು ಬಯೋಕಾನ್ ಕಂಪನಿ ಶುರುಮಾಡಿದರು. ಆಗ ಇನ್ಸುಲಿನ್ ಅಲ್ಲ, ಪಪ್ಪಾಯಿಯಿಂದ ತೆಗೆಯುವ ಪಪೈನ್ ಎಂಬ ಕಿಣ್ವ. ಸಾಲ ಕೇಳಿದರೆ ಬ್ಯಾಂಕುಗಳು ಹಿಂದೇಟು ಹಾಕಿದವು. ಬಯೋಟೆಕ್ನಾಲಜಿ ಎಂದರೆ ಏನೆಂದು ಗೊತ್ತಿಲ್ಲ, ಕೇಳುತ್ತಿರುವುದು ಚಿಕ್ಕ ವಯಸ್ಸಿನ ಹೆಂಗಸು. ಇದನ್ನು ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಓದಿದಾಗೆಲ್ಲ ನನಗೆ ಕಸಿವಿಸಿಯಾಗುತ್ತದೆ. ನಮ್ಮ ಸಾಲದ ಅರ್ಜಿಯಲ್ಲಿ ‘ಅಡಮಾನ’ ಎಂಬ ಕಲಂ ಇತ್ತು. ಜಮೀನು, ಮನೆ, ಚಿನ್ನ, ದಾಸ್ತಾನು. ‘ತಲೆಯಲ್ಲಿರುವುದು’ ಎಂದು ಬರೆಯಲು ಜಾಗವಿರಲಿಲ್ಲ. ಎಂಬತ್ತರ ದಶಕದಲ್ಲಿ ನಮ್ಮ ಶಾಖೆಗೆ ಒಬ್ಬ ಹುಡುಗ ಬಂದಿದ್ದ. ಬಿಎಸ್ಸಿ ಓದಿದವನು. ಅಣಬೆ ಬೀಜ ತಯಾರಿಸಿ ರೈತರಿಗೆ ಮಾರುತ್ತೇನೆ ಎಂದ. ಮ್ಯಾನೇಜರು ನಕ್ಕು, ‘ನಾಯಿಕೊಡೆಗೆ ಸಾಲವೇ?’ ಎಂದರು. ನಾನೂ ನಕ್ಕೆ. ತಿರಸ್ಕಾರದ ಪತ್ರ ಟೈಪ್ ಮಾಡಿದವನೂ ನಾನೇ. ಹುಡುಗ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡು, ನಮಸ್ಕಾರ ಹೇಳಿ ಹೋದ. ನಮಸ್ಕಾರ ಹೇಳದೆ ಹೋಗಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಈಗ ಅಂಥವರಿಗೆ ದಾರಿ ಇದೆ. ಕೇಂದ್ರ ಸರ್ಕಾರ 2012ರಲ್ಲಿ ಬೈರಾಕ್ ಎಂಬ ಸಂಸ್ಥೆ ಮಾಡಿತು. ಒಳ್ಳೆಯ ಆಲೋಚನೆ ಇರುವವರಿಗೆ ಪ್ರಯೋಗ ಮಾಡಿ ನೋಡಲು 50 ಲಕ್ಷ ರೂಪಾಯಿಯವರೆಗೆ ಅನುದಾನ ಕೊಡುತ್ತದೆ. ಸಾಲವಲ್ಲ, ಅನುದಾನ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ‘ಬಯೋಇ3’ ಎಂಬ ಹೊಸ ನೀತಿಗೂ ಒಪ್ಪಿಗೆ ಕೊಟ್ಟಿದೆ. ಜೀವಿಗಳಿಂದ ವಸ್ತು ತಯಾರಿಸುವ ಉದ್ಯಮಗಳನ್ನು ಬೆಳೆಸುವುದು ಅದರ ಉದ್ದೇಶ. ನೀತಿಯ ಪುಸ್ತಕಗಳು ಚೆನ್ನಾಗಿಯೇ ಇರುತ್ತವೆ. ಕೌಂಟರಿನಲ್ಲಿ ಕೂತವನು ನಗದೆ ಅರ್ಜಿ ಓದಬೇಕು, ಅದು ಕಷ್ಟದ ಭಾಗ.

ಬಯೋಕಾನ್ 2004ರಲ್ಲಿ ತನ್ನದೇ ಇನ್ಸುಲಿನ್ ತಂದಿತು. ಅದನ್ನು ಮಾಡುವುದು ಪಿಕಿಯಾ ಎಂಬ ಯೀಸ್ಟ್. ಬೇಕರಿಯ ಬ್ರೆಡ್ ಉಬ್ಬಿಸುವ ಯೀಸ್ಟಿಗೆ ದೂರದ ನೆಂಟ. ದೊಡ್ಡ ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ಹದವಾದ ಬಿಸಿಯಲ್ಲಿ ಅದನ್ನು ಬೆಳೆಸುತ್ತಾರೆ. ಮೊಮ್ಮಗನಿಗೆ ಇದನ್ನು ಹೇಳಿದಾಗ ಅವನ ಅಜ್ಜಿ ಅಡುಗೆಮನೆಯಿಂದಲೇ, “ಇಡ್ಲಿ ಹಿಟ್ಟು ಉಬ್ಬೋದೂ ಹೆಚ್ಚುಕಮ್ಮಿ ಅಂಥ ಜೀವಿಗಳಿಂದಲೇ ಅಲ್ವೇನ್ರಿ, ಇಷ್ಟುದ್ದ ಯಾಕೆ ಹೇಳ್ತೀರಿ?” ಎಂದಳು.

ಇನ್ನು ಬೆಲೆಯ ವಿಚಾರ. ಒಂದು ಡಾಲರಿಗೆ ಹಕ್ಕು ಬಿಟ್ಟುಕೊಟ್ಟ ಔಷಧಿಗೆ ಅಮೆರಿಕದಲ್ಲಿ ಎಷ್ಟು ಬೆಲೆ ಏರಿತೆಂದರೆ, 2019ರಲ್ಲಿ ಅಲ್ಲಿನ ಕೆಲವರು ಗುಂಪು ಕಟ್ಟಿಕೊಂಡು ಬಸ್ಸಿನಲ್ಲಿ ಕೆನಡಾಕ್ಕೆ ಹೋಗಿ ಇನ್ಸುಲಿನ್ ಕೊಂಡು ತಂದರು. ಅಷ್ಟು ಶ್ರೀಮಂತ ದೇಶ! ಕೊನೆಗೆ ಕಾನೂನು ಮಾಡಿ, 2023ರಿಂದ ಸರ್ಕಾರಿ ವಿಮೆಯಲ್ಲಿರುವ ಹಿರಿಯರಿಗೆ ತಿಂಗಳಿಗೆ 35 ಡಾಲರ್ ಮೀರಬಾರದು ಎಂದರು. ನಮ್ಮಲ್ಲಿ ಇನ್ಸುಲಿನ್ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಹಾಗಾಗಿ ಅದರ ಗರಿಷ್ಠ ಬೆಲೆಯನ್ನು ಸರ್ಕಾರ ಗೊತ್ತುಮಾಡುತ್ತದೆ. 2022ರಲ್ಲಿ ಗ್ಲಾರ್ಜಿನ್ ಎಂಬ ಹೊಸ ಬಗೆಯದನ್ನೂ ಪಟ್ಟಿಗೆ ಸೇರಿಸಿದರು. ಆ ಗ್ಲಾರ್ಜಿನ್ ಬೆಂಗಳೂರಿನ ಕಂಪನಿಯ ಹೆಸರಿನಲ್ಲಿ ಅಮೆರಿಕಕ್ಕೂ ಹೋಗಿದೆ. ಮೂಲ ಕಂಪನಿಯ ಔಷಧಿಯ ಬದಲಿಗೆ ಅಂಗಡಿಯವರು ಇದನ್ನೇ ಕೊಡಬಹುದು ಎಂದು 2021ರ ಜುಲೈನಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ಇನ್ಸುಲಿನ್ನುಗಳಲ್ಲಿ ಅಂಥ ಒಪ್ಪಿಗೆ ಪಡೆದ ಮೊದಲನೆಯದು ಅದು. ಗ್ಯಾರೇಜಿನಿಂದ ಅಲ್ಲಿಯವರೆಗೆ.

ಕಂಪನಿಗಳು ಲಾಭ ಮಾಡಬಾರದು ಎನ್ನುವವನಲ್ಲ ನಾನು. ಓದಿದ್ದು ಬಿಕಾಂ, ಲಾಭವಿಲ್ಲದೆ ತೊಟ್ಟಿ ನಡೆಯುವುದಿಲ್ಲ ಎಂದು ಗೊತ್ತು. ಆದರೆ ಇದು ಸೀರೆಯಲ್ಲ, ದುಬಾರಿಯಾಯಿತೆಂದು ಮುಂದಿನ ಹಬ್ಬಕ್ಕೆ ತಳ್ಳಲು. ಮೂರು ದಿನ ತಪ್ಪಿದರೆ ಏನಾಗುತ್ತದೆಂದು ಜಗಲಿಯಲ್ಲಿ ನೋಡಿದ್ದೇನೆ.

ಇದೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಕರೆಂಟ್ ಹೋಯಿತು. ಒಂದು ಗಂಟೆಯಾದರೂ ಬರಲಿಲ್ಲ. ಹುಡುಗ ಎರಡು ಸಲ ಫ್ರಿಜ್ ತೆಗೆಯಲು ಹೋದ. ತಣ್ಣಗಿರುವುದು ಹೊರಗೆ ಹೋಗುತ್ತದೆ, ಮುಟ್ಟಬೇಡ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ತಾತ, ಆ ಮಡಕೆ ಇದೆಯಾ?”

“ಇದೆ ಕಣೋ. ಅದರಲ್ಲಿ ನಿಮ್ಮಜ್ಜಿ ದೊಡ್ಡಪತ್ರೆ ನೆಟ್ಟಿದ್ದಾಳೆ.”

ಅವನು ಟಾರ್ಚ್ ಹಿಡಿದು ಹಿತ್ತಲಿಗೆ ನೋಡಲು ಹೋದ.