ಬೆಳಿಗ್ಗೆ ಉಪನ್ಯಾಸ, ಆಮೇಲೆ ಹಿಮ: ಬಿಲ್ ಯಾರ ಹೆಸರಿಗೆ?

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಎರಡು ಗಂಟೆ ಉಪನ್ಯಾಸ, ಆಮೇಲೆ ಇಳಿಹೊತ್ತಿನ ತನಕ ಗೈಡ್ ಜೊತೆ ಹೊಸದಾಗಿ ಬಿದ್ದ ಪುಡಿಹಿಮದ ಮೇಲೆ ಸ್ಕೀಯಿಂಗ್, ಸಂಜೆ ಮತ್ತೆರಡು ಗಂಟೆ ಉಪನ್ಯಾಸ, ಕೊನೆಗೆ ಊಟ. ಅಮೆರಿಕದ ಕೊಲರಾಡೊ, ಯೂಟಾಗಳ ಪರ್ವತಧಾಮಗಳಲ್ಲಿ ವೈದ್ಯರಿಗಾಗಿ ನಡೆಯುವ ‘ಸ್ಕೀ ಸಿಎಂಇ’ಗಳ ದಿನಚರಿ ಹೆಚ್ಚುಕಡಿಮೆ ಹೀಗೆ. ಸಿಎಂಇ ಎಂದರೆ ವೈದ್ಯರ ನಿರಂತರ ಶಿಕ್ಷಣ. ಅದಕ್ಕೆ ಹಾಜರಾದವರಿಗೆ ಕ್ರೆಡಿಟ್ ಅಂಕ ಸಿಗುತ್ತದೆ, ಆ ಅಂಕಗಳಿಂದ ವೈದ್ಯಕೀಯ ನೋಂದಣಿ ನವೀಕರಣವಾಗುತ್ತದೆ. ಅಮೆರಿಕದ ಕನ್ನಡ ಸಮ್ಮೇಳನಗಳಲ್ಲೂ ಯಕ್ಷಗಾನ, ಹೋಳಿಗೆ ಊಟಗಳ ನಡುವೆ ವೈದ್ಯರಿಗೊಂದು ಸಿಎಂಇ ಗೋಷ್ಠಿ ಇರುವುದುಂಟು. ಅದನ್ನು ಯಾರೂ ತಪ್ಪು ಎಂದಿಲ್ಲ, ಎನ್ನಬೇಕಾಗಿಯೂ ಇಲ್ಲ. ತಕರಾರು ಹಿಮದ ಬಗೆಗೂ ಅಲ್ಲ, ವಿರಾಮದ ಬಗೆಗೂ ಅಲ್ಲ. ಓದಿನ ಹೆಸರಿನಲ್ಲಿ ನಡೆಯುವ ಪ್ರವಾಸದ ಬಿಲ್ಲನ್ನು ಔಷಧ ಕಂಪನಿ ಕಟ್ಟಿದಾಗ, ಆ ಪ್ರವಾಸಕ್ಕೆ ಸರ್ಕಾರಿ ಪರಿಷತ್ತೊಂದು ಕಲಿಕೆಯ ಅಂಕ ಕೊಟ್ಟಾಗ ತಕರಾರು ಶುರುವಾಗುತ್ತದೆ. ದೆಹಲಿಯಲ್ಲಿ ಈ ತಕರಾರಿಗೆ ನಿಯಮಗಳ ಕೊರತೆಯಿಲ್ಲ. ಆದರೆ ಕೊಡುವವನ ಮೇಲಿನ ನಿಯಮವೇ ಬೇರೆ ಕಚೇರಿಯಲ್ಲಿದೆ, ತೆಗೆದುಕೊಳ್ಳುವವನ ಮೇಲಿನದ್ದೇ ಬೇರೆ ಕಚೇರಿಯಲ್ಲಿದೆ, ಇಬ್ಬರ ನಡುವೆ ನಿಂತ ವೈದ್ಯರ ಸಂಘಟನೆಗಳ ಮೇಲೆ ಅಂಥದ್ದೇನೂ ಇಲ್ಲ. ನನ್ನ ಆಕ್ಷೇಪ ಇರುವುದು ಈ ಏರ್ಪಾಡಿನ ಮೇಲೆ.

ಹಿಮದ ಬದಲು ಸಮುದ್ರ ತೀರವಿದ್ದ ಒಂದು ಪ್ರಕರಣವನ್ನು ನೋಡಿ. 2024ರಲ್ಲಿ ಅಬ್‌ವೀ ಎಂಬ ಬಹುರಾಷ್ಟ್ರೀಯ ಔಷಧ ಕಂಪನಿಯ ಭಾರತೀಯ ಅಂಗಸಂಸ್ಥೆ 30 ವೈದ್ಯರನ್ನು ಪ್ಯಾರಿಸ್ ಮತ್ತು ಮೊನಾಕೊಗೆ ಕಳುಹಿಸಿತು. ನೆಪ, ಚರ್ಮದ ಸೌಂದರ್ಯ ಮತ್ತು ವಯಸ್ಸನ್ನು ಮರೆಮಾಚುವ ಚಿಕಿತ್ಸೆಗಳ ಕುರಿತ ಸಮ್ಮೇಳನ. ವಿಮಾನ, ಹೋಟೆಲುಗಳಿಗೆ ತಗುಲಿದ್ದು ಸುಮಾರು 1.91 ಕೋಟಿ ರೂಪಾಯಿ, ಅಂದರೆ ತಲೆಗೆ ಆರು ಲಕ್ಷಕ್ಕೂ ಮಿಕ್ಕಿ. ಕೇಂದ್ರದ ಔಷಧ ಇಲಾಖೆಯ ಅತ್ಯುನ್ನತ ಸಮಿತಿ ವಿಚಾರಣೆ ನಡೆಸಿ, ಇದು ಔಷಧ ಮಾರಾಟ ಸಂಹಿತೆಯ ಉಲ್ಲಂಘನೆ ಎಂದು ಆ ವರ್ಷದ ಡಿಸೆಂಬರ್‌ನಲ್ಲಿ ಕಂಪನಿಗೆ ಛೀಮಾರಿ ಹಾಕಿತು. ತೆರಿಗೆ ಪರಿಶೀಲಿಸಿ ಎಂದು ಪ್ರತ್ಯಕ್ಷ ತೆರಿಗೆಗಳ ಮಂಡಳಿಗೆ ಹೇಳಿತು, ವೈದ್ಯರ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ಹೇಳಿತು. ಸಮಿತಿಯ ಕೈಲಾದದ್ದು ಇಷ್ಟೇ. 2024ರ ಮಾರ್ಚ್ 12ರಂದು ಹೊರಬಂದ ಔಷಧ ಮಾರಾಟ ಪದ್ಧತಿಗಳ ಏಕರೂಪ ಸಂಹಿತೆ ಕಾನೂನಲ್ಲ. ಅದರಡಿ ವಿಧಿಸಬಹುದಾದ ಶಿಕ್ಷೆಗಳೆಂದರೆ ಛೀಮಾರಿ ಹಾಕಿ ಅದನ್ನು ಪ್ರಕಟಿಸುವುದು, ಉದ್ಯಮ ಸಂಘದ ಸದಸ್ಯತ್ವದಿಂದ ಅಮಾನತು ಮಾಡುವುದು, ಕೊಟ್ಟದ್ದನ್ನು ವಾಪಸು ಪಡೆಯಲು ಸೂಚಿಸುವುದು, ಇಂಥವು. ಔಷಧ ಇಲಾಖೆಯಿಂದ ಒಂದು ಬೈಗುಳದ ಪತ್ರ ಬರಬಹುದೆಂಬ ಭಯಕ್ಕೆ ಯಾವ ಕಂಪನಿ ತನ್ನ ಮಾರುಕಟ್ಟೆ ಬಜೆಟ್ ಬದಲಿಸುತ್ತದೆ?

ಈ ಸಂಹಿತೆ ಓದಲು ಕಟ್ಟುನಿಟ್ಟಾಗಿಯೇ ಇದೆ. ವಿದೇಶದಲ್ಲಿ ಕಂಪನಿಗಳು ಸಿಎಂಇ ನಡೆಸುವಂತಿಲ್ಲ. ವೈದ್ಯರಿಗಾಗಲಿ ಅವರ ಕುಟುಂಬಕ್ಕಾಗಲಿ ದೇಶದ ಒಳಗೂ ಹೊರಗೂ ಪ್ರಯಾಣದ ಖರ್ಚು ಕೊಡುವಂತಿಲ್ಲ. ಆದರೆ ಇದಕ್ಕೊಂದು ಹಿತ್ತಿಲ ಬಾಗಿಲಿದೆ: ವೈದ್ಯರು ಆ ಕಾರ್ಯಕ್ರಮದಲ್ಲಿ ಭಾಷಣಕಾರರಾಗಿದ್ದರೆ ಕೊಡಬಹುದು. ಇಪ್ಪತ್ತು ಮಂದಿಯನ್ನು ಕಾಶ್ಮೀರದ ಗುಲ್ಮಾರ್ಗ್‌ಗೆ ಕರೆದೊಯ್ದು ಒಬ್ಬೊಬ್ಬರಿಗೂ ಹತ್ತು ನಿಮಿಷ ಮೈಕ್ ಕೊಟ್ಟರೆ ಇಪ್ಪತ್ತೂ ಮಂದಿ ಭಾಷಣಕಾರರೇ. ದೆಹಲಿಯಿಂದ ಶ್ರೀನಗರ ವಿಮಾನದಲ್ಲಿ ಒಂದೂವರೆ ಗಂಟೆಯ ಹಾದಿ, ಅಲ್ಲಿಂದ ಗುಲ್ಮಾರ್ಗ್ ಐವತ್ತು ಕಿಲೋಮೀಟರು. ಗೊಂಡೋಲಾ ಕೇಬಲ್ ಕಾರಿನಲ್ಲಿ ಕೂತರೆ ಅಲ್ಲಿನ ಪರ್ವತ ಅಫರ್ವಾಟ್‌ನ ನಾಲ್ಕು ಸಾವಿರ ಮೀಟರಿಗೆ ಹತ್ತಿರದ ಎತ್ತರ ತಲುಪಬಹುದು. ಅಲ್ಲಿನ ಪುಡಿಹಿಮಕ್ಕಾಗಿ ಯುರೋಪಿನಿಂದ, ರಷ್ಯಾದಿಂದ ಜನ ಬರುತ್ತಾರೆ. ಅಂದಮೇಲೆ ವಿದೇಶ ನಿಷೇಧ ಗುರುಗ್ರಾಮದ ವೈದ್ಯರನ್ನು ಸ್ಕೀ ಸಿಎಂಇಯಿಂದ ತಡೆಯುವುದಿಲ್ಲ, ಪಾಸ್‌ಪೋರ್ಟ್ ತೆಗೆಯುವ ಶ್ರಮವನ್ನಷ್ಟೇ ಉಳಿಸುತ್ತದೆ.

ಇನ್ನು ತೆಗೆದುಕೊಳ್ಳುವವರ ಕಡೆಯ ನಿಯಮ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡವಳಿಕೆ ನಿಯಮಗಳಿಗೆ 2009ರಲ್ಲಿ ಸೇರಿಸಿದ 6.8ನೇ ಕಲಮು ರೈಲು, ವಿಮಾನ, ಹಡಗಿನ ಟಿಕೆಟ್‌ಗಳನ್ನೂ ಪುಕ್ಕಟೆ ರಜಾ ಪ್ರವಾಸವನ್ನೂ ಹೆಸರಿಟ್ಟು ನಿಷೇಧಿಸುತ್ತದೆ. 2016ರ ತಿದ್ದುಪಡಿ ಶಿಕ್ಷೆಯ ಪಟ್ಟಿಯನ್ನೂ ಕೊಟ್ಟಿತು: ಪಡೆದದ್ದು ಒಂದು ಲಕ್ಷ ರೂಪಾಯಿ ಮೀರಿದರೆ ಒಂದು ವರ್ಷಕ್ಕೂ ಹೆಚ್ಚು ಕಾಲ ನೋಂದಣಿ ಪಟ್ಟಿಯಿಂದ ಹೆಸರು ತೆಗೆಯಬೇಕು. ಆರು ಲಕ್ಷದ ಮೊನಾಕೊ ಪ್ರವಾಸಕ್ಕೆ ಈ ಪಟ್ಟಿ ಏನು ಹೇಳುತ್ತದೆಂಬುದಕ್ಕೆ ವ್ಯಾಖ್ಯಾನಕಾರರು ಬೇಕಿಲ್ಲ. ಆದರೆ ಶಿಕ್ಷೆಯ ಪಟ್ಟಿ ತಂದ ಅದೇ ತಿದ್ದುಪಡಿ ಇನ್ನೊಂದು ಕೆಲಸವನ್ನೂ ಮಾಡಿತು. ಅದುವರೆಗೆ ಈ ಕಲಮು ವೈದ್ಯರಿಗೂ ವೈದ್ಯರ ಸಂಘಟನೆಗಳಿಗೂ ಅನ್ವಯಿಸುತ್ತಿತ್ತು. 2016ರಲ್ಲಿ ಸಂಘಟನೆಗಳನ್ನು ಕೈಬಿಡಲಾಯಿತು. ಕಂಪನಿ ನೇರವಾಗಿ ವೈದ್ಯರ ಟಿಕೆಟ್ ಕೊಂಡರೆ ತಪ್ಪು. ಸಂಘಟನೆಗೆ ಪ್ರಾಯೋಜಕತ್ವ ಕೊಟ್ಟು, ಆ ಸಂಘಟನೆ ಪಂಚತಾರಾ ಹೋಟೆಲಿನಲ್ಲಿ ಅದೇ ವೈದ್ಯರನ್ನು ಉಪಚರಿಸಿದರೆ ಅದಕ್ಕೆ ಈ ಕಲಮಿನ ತಡೆಯಿಲ್ಲ. 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಗಳನ್ನು ಹೊರಡಿಸಿ ಈ ಬಿಲವನ್ನು ಮುಚ್ಚಲು ನೋಡಿತು. ಅದರ 35ನೇ ಕಲಮು ಔಷಧ ಕಂಪನಿಗಳ ನೇರ ಅಥವಾ ಪರೋಕ್ಷ ಪ್ರಾಯೋಜಕತ್ವದ ಸಮ್ಮೇಳನಗಳಿಗೆ ವೈದ್ಯರು ಹೋಗುವುದನ್ನೇ ತಡೆಯುತ್ತಿತ್ತು. ಜೆನೆರಿಕ್ ಹೆಸರಿನಲ್ಲೇ ಔಷಧ ಬರೆಯಬೇಕೆಂಬ ಕಲಮಿನ ಮೇಲೆ ಗಲಾಟೆ ಎದ್ದಿತು, ಭಾರತೀಯ ವೈದ್ಯಕೀಯ ಸಂಘವೂ ದೊಡ್ಡ ಔಷಧ ಕಂಪನಿಗಳ ಒಕ್ಕೂಟವೂ ಆರೋಗ್ಯ ಸಚಿವರ ಬಳಿಗೆ ಹೋದವು. ಆಗಸ್ಟ್ 23ಕ್ಕೆ ಇಡೀ ನಿಯಮಾವಳಿ ತಡೆಹಿಡಿಯಲ್ಪಟ್ಟಿತು. ಇಪ್ಪತ್ತೊಂದು ದಿನವಷ್ಟೇ ಅದರ ಆಯುಷ್ಯ. ಜೆನೆರಿಕ್ ವಿಚಾರದಲ್ಲಿ ವೈದ್ಯರ ಅಳುಕಿಗೆ ಗುಣಮಟ್ಟದ ನಿಜವಾದ ಕಾರಣಗಳಿದ್ದವು, ಒಪ್ಪೋಣ. ಪ್ರಾಯೋಜಕತ್ವದ ಕಲಮಿಗೂ ಅದಕ್ಕೂ ಏನು ಸಂಬಂಧ? ಒಂದರ ನೆರಳಿನಲ್ಲಿ ಇನ್ನೊಂದೂ ಮಲಗಿತು.

ಒಂದು ಪ್ರವಾಸದಿಂದ ನನ್ನ ಔಷಧ ಚೀಟಿ ಬದಲಾಗುವುದಿಲ್ಲ, ನಾನೇನು ಮಾರಾಟದ ಸರಕೇ, ಎಂದು ವೈದ್ಯರು ಕೇಳುತ್ತಾರೆ. ಇದು ಪ್ರಾಮಾಣಿಕ ಪ್ರಶ್ನೆ. ಹೆಚ್ಚಿನವರು ಅದನ್ನು ನಂಬಿಯೇ ಕೇಳುತ್ತಾರೆ. ಆದರೆ ಇದಕ್ಕೆ ಉತ್ತರ 1992ರಲ್ಲೇ ಬಂದಿದೆ. ಅಮೆರಿಕದ ‘ಚೆಸ್ಟ್’ ವೈದ್ಯಕೀಯ ಪತ್ರಿಕೆಯಲ್ಲಿ ಓರ್ಲೋವ್‌ಸ್ಕಿ ಮತ್ತು ವಾಟೆಸ್ಕಾ ಪ್ರಕಟಿಸಿದ ಅಧ್ಯಯನವದು. ಎರಡು ಔಷಧಗಳ ತಯಾರಕರು ತಲಾ ಹತ್ತು ವೈದ್ಯರನ್ನು ಐಷಾರಾಮಿ ರೆಸಾರ್ಟ್‌ಗಳಲ್ಲಿ ನಡೆದ ವಿಚಾರ ಸಂಕಿರಣಕ್ಕೆ ಪೂರ್ತಿ ಖರ್ಚು ಕೊಟ್ಟು ಕರೆದೊಯ್ದಿದ್ದರು. ಹೋಗುವ ಮುಂಚೆ ಕೇಳಿದಾಗ ಬಹುಪಾಲು ಮಂದಿ, ಇದರಿಂದ ನಮ್ಮ ಔಷಧ ಆಯ್ಕೆ ಬದಲಾಗದು ಎಂದರು. ಬಂದ ಮೇಲೆ ಅವರ ಆಸ್ಪತ್ರೆಯಲ್ಲಿ ಮೊದಲ ಔಷಧದ ಸರಾಸರಿ ಬಳಕೆ 81 ಯೂನಿಟ್‌ನಿಂದ 272ಕ್ಕೆ ಏರಿತು, ಎರಡನೆಯದು 34ರಿಂದ 87ಕ್ಕೆ. ಸಣ್ಣ ಅಧ್ಯಯನ, ಹಳೆಯದು ಎನ್ನಬಹುದು. ಹಾಗಾದರೆ 2016ರಲ್ಲಿ ‘ಜಾಮಾ ಇಂಟರ್ನಲ್ ಮೆಡಿಸಿನ್’ ಪ್ರಕಟಿಸಿದ್ದನ್ನು ನೋಡಿ: ಅಮೆರಿಕದ ಎರಡೂ ಮುಕ್ಕಾಲು ಲಕ್ಷಕ್ಕೂ ಹೆಚ್ಚು ವೈದ್ಯರ ಲೆಕ್ಕ ತೆಗೆದಾಗ, ಕಂಪನಿ ಕೊಡಿಸಿದ ಇಪ್ಪತ್ತು ಡಾಲರಿಗೂ ಕಡಿಮೆಯ ಒಂದೇ ಒಂದು ಊಟಕ್ಕೂ ಆ ಕಂಪನಿಯ ಬ್ರ್ಯಾಂಡ್ ಔಷಧ ಹೆಚ್ಚು ಬರೆಯುವುದಕ್ಕೂ ನಂಟು ಕಂಡಿತು. ಊಟಕ್ಕೇ ಹೀಗಾದರೆ ಮೊನಾಕೊಗೆ ಹೇಗೆ? ಅಷ್ಟಕ್ಕೂ ಕಂಪನಿಗಳು ದಾನಶೀಲರಲ್ಲ. ಫಲ ಸಿಗದಿದ್ದರೆ ಈ ಖರ್ಚನ್ನು ಅವರ ಲೆಕ್ಕಪರಿಶೋಧಕರೇ ಯಾವತ್ತೋ ನಿಲ್ಲಿಸುತ್ತಿದ್ದರು.

ಈ ಫಲದ ಬೆಲೆ ತೆರುವವರು ಯಾರೆಂಬುದನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿ 22ರಂದು ಸ್ಪಷ್ಟ ಮಾಡಿದೆ. ಜಿಂಕೋವಿಟ್ ಮಾತ್ರೆಯ ಪ್ರಚಾರಕ್ಕಾಗಿ ಅಪೆಕ್ಸ್ ಲ್ಯಾಬೊರೇಟರೀಸ್ ವೈದ್ಯರಿಗೆ ಚಿನ್ನದ ನಾಣ್ಯ, ಟಿವಿ, ಫ್ರಿಜ್, ಲ್ಯಾಪ್‌ಟಾಪ್ ಎಂದೆಲ್ಲ ಕೊಟ್ಟು ಆ ಖರ್ಚಿಗೆ ತೆರಿಗೆ ವಿನಾಯಿತಿ ಕೇಳಿತ್ತು. ನಿಷೇಧ ಇರುವುದು ವೈದ್ಯರಿಗೆ, ನಮಗಲ್ಲವಲ್ಲ ಎಂಬುದು ಕಂಪನಿಯ ವಾದ. ಯು.ಯು. ಲಲಿತ್ ಮತ್ತು ಮೈಸೂರು ಮೂಲದ ಎಸ್. ರವೀಂದ್ರ ಭಟ್ ಅವರಿದ್ದ ಪೀಠ ಅದನ್ನು ತಳ್ಳಿಹಾಕಿತು. ಕೊಡುವುದೂ ತೆಗೆದುಕೊಳ್ಳುವುದೂ ಒಂದೇ ವ್ಯವಹಾರದ ಎರಡು ಬದಿ. ಈ ಉಡುಗೊರೆಗಳು ಬಿಟ್ಟಿಯಲ್ಲ, ಅವುಗಳ ಖರ್ಚು ಔಷಧದ ದರಕ್ಕೇ ಸೇರುತ್ತದೆ ಎಂಬುದು ಆ ತೀರ್ಪಿನ ತಿರುಳು. ನಮ್ಮ ದೇಶದಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕಗಳ ಪ್ರಕಾರ ಆರೋಗ್ಯಕ್ಕಾದ ಒಟ್ಟು ವೆಚ್ಚದಲ್ಲಿ ಶೇ 39.4ರಷ್ಟನ್ನು ಜನ ನೇರ ತಮ್ಮ ಜೇಬಿನಿಂದ ಕೊಟ್ಟಿದ್ದರು. ಔಷಧದ ವ್ಯಾಪಾರ ಬೇರೆ ವ್ಯಾಪಾರದಂತಲ್ಲ. ಆರಿಸುವವರು ಹಣ ಕೊಡುವುದಿಲ್ಲ, ಹಣ ಕೊಡುವವರಿಗೆ ಆರಿಸಲು ಬಾರದು. ಸಿಮೆಂಟ್ ಕಂಪನಿ ತನ್ನ ಡೀಲರುಗಳನ್ನು ಬ್ಯಾಂಕಾಕ್‌ಗೆ ಕರೆದೊಯ್ಯುತ್ತದಲ್ಲ, ವೈದ್ಯರ ಮೇಲೇಕೆ ಕಣ್ಣು ಎನ್ನುವವರು ಈ ಒಂದು ವ್ಯತ್ಯಾಸವನ್ನು ಮರೆಯುತ್ತಾರೆ.

ಹೆಚ್ಚು ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಕಂಪನಿಯ ಹಣವಿಲ್ಲದೆ ಸಮ್ಮೇಳನಗಳೇ ನಡೆಯವು, ನಡೆಯದಿದ್ದರೆ ಹೊಸ ಚಿಕಿತ್ಸೆ ಸಣ್ಣ ಊರಿನ ವೈದ್ಯರಿಗೆ ತಿಳಿಯದು, ನಷ್ಟ ರೋಗಿಗೇ ಎಂಬುದು. ಆದರೆ ನೋಂದಣಿ ನವೀಕರಣಕ್ಕೆ ಐದು ವರ್ಷದಲ್ಲಿ 30 ಗಂಟೆ ಸಿಎಂಇ ಎಂಬುದು 2002ರ ನಿಯಮದಲ್ಲೇ ಇದೆ, ಕರ್ನಾಟಕ ವೈದ್ಯಕೀಯ ಪರಿಷತ್ತೂ ಅದನ್ನೇ ಕೇಳುತ್ತದೆ. ವರ್ಷಕ್ಕೆ ಆರು ಗಂಟೆ. ಇದಕ್ಕೆ ಮೊನಾಕೊ ಬೇಕೆ, ಪುಡಿಹಿಮ ಬೇಕೆ? ಜಿಲ್ಲಾ ಆಸ್ಪತ್ರೆಯ ಸಭಾಂಗಣ, ವೈದ್ಯಕೀಯ ಕಾಲೇಜಿನ ತರಗತಿ, ಮನೆಯ ಕಂಪ್ಯೂಟರ್ ಸಾಕು. ಕೋವಿಡ್ ಕಾಲದಲ್ಲಿ ದೇಶದ ಎಷ್ಟೋ ವೈದ್ಯರು ಹೊಸ ಕಾಯಿಲೆಯೊಂದರ ಚಿಕಿತ್ಸೆಯನ್ನು ಪರದೆಯ ಮುಂದೆ ಕೂತೇ ಕಲಿತರು. ಸಣ್ಣ ಊರಿನ ವೈದ್ಯರ ಹೆಸರನ್ನು ಈ ವಾದದಲ್ಲಿ ಎಳೆದು ತರುವುದಂತೂ ಅನ್ಯಾಯ. ದೇವದುರ್ಗ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ವೈದ್ಯೆಯನ್ನು ಯಾವ ಕಂಪನಿಯೂ ಮೊನಾಕೊಗೆ ಕರೆದೊಯ್ಯುವುದಿಲ್ಲ. ಆಕೆ ಬರೆಯುವುದು ಸರ್ಕಾರಿ ದಾಸ್ತಾನಿನಲ್ಲಿರುವ ಔಷಧವನ್ನು. ಟಿಕೆಟ್ ಹೋಗುವುದು ಹೆಚ್ಚು ಬರೆಯುವವರಿಗೆ, ದುಬಾರಿಯದನ್ನು ಬರೆಯಬಲ್ಲವರಿಗೆ. ಅಂದರೆ ಸ್ವಂತ ದುಡ್ಡಿನಲ್ಲಿ ಹತ್ತು ಸಲ ಗುಲ್ಮಾರ್ಗ್‌ಗೆ ಹೋಗಿಬರುವ ಶಕ್ತಿಯಿರುವವರಿಗೆ.

ಹಾಗೆ ಸ್ವಂತ ದುಡ್ಡಿನಲ್ಲಿ ಹೋಗುವವರನ್ನು ನಾನು ತಡೆಯಬಯಸುವುದಿಲ್ಲ. ಹಿಮಕ್ಕೂ ವೈದ್ಯಕ್ಕೂ ನಿಜವಾದ ನಂಟೂ ಇದೆ. 1962ರ ಯುದ್ಧದ ಹೊತ್ತಿಗೆ ಹಿಮಾಲಯಕ್ಕೆ ಧಾವಿಸಿ ಎತ್ತರದ ಕಾಯಿಲೆಗೆ ತುತ್ತಾದ 1,925 ಭಾರತೀಯ ಸೈನಿಕರ ಕುರಿತು ಇಂದರ್ ಸಿಂಗ್ ಮತ್ತು ಸಂಗಡಿಗರು 1969ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌’ನಲ್ಲಿ ಬರೆದ ಲೇಖನ ಆ ವಿಷಯದ ಮೂಲ ಬರಹಗಳಲ್ಲೊಂದು. ದೆಹಲಿಯ ತಿಮಾರ್‌ಪುರದಲ್ಲಿ ಇದನ್ನೇ ಸಂಶೋಧಿಸುವ ರಕ್ಷಣಾ ಇಲಾಖೆಯ ಶರೀರಕ್ರಿಯಾ ಸಂಸ್ಥೆಯೇ ಇದೆ. ಗುಲ್ಮಾರ್ಗ್‌ನಲ್ಲಿ 2023ರ ಫೆಬ್ರುವರಿಯಲ್ಲಿ ಪೋಲೆಂಡಿನ ಇಬ್ಬರು, ಮರುವರ್ಷ ಅದೇ ತಿಂಗಳು ರಷ್ಯಾದ ಒಬ್ಬರು ಹಿಮಕುಸಿತಕ್ಕೆ ಸಿಕ್ಕಿ ಸತ್ತರು. ಹಿಮಕುಸಿತದಲ್ಲಿ ಹೂತವರನ್ನು ಉಳಿಸುವುದು, ಶ್ವಾಸಕೋಶಕ್ಕೆ ನೀರು ತುಂಬಿದವರನ್ನು ಕೆಳಗಿಳಿಸುವುದು, ಇದನ್ನೆಲ್ಲ ಇಳಿಜಾರಿನಲ್ಲೇ ನಿಂತು ಕಲಿಸುವ ತರಬೇತಿ ನಡೆದರೆ ಅದಕ್ಕೆ ಎಷ್ಟು ಬೇಕಾದರೂ ಅಂಕ ಕೊಡಲಿ. ಆದರೆ ದಕ್ಷಿಣ ದೆಹಲಿಯ ಸೌಂದರ್ಯ ಚಿಕಿತ್ಸಾಲಯದ ವೈದ್ಯರು ಸುಕ್ಕು ತೆಗೆಯುವ ಚುಚ್ಚುಮದ್ದಿನ ಬಗ್ಗೆ ತಿಳಿಯಲು ಅಫರ್ವಾಟ್ ಹತ್ತಬೇಕಿಲ್ಲ.

ಜಗತ್ತಿನಲ್ಲೆಲ್ಲ ಇದು ನಡೆಯುತ್ತದೆ, ನಮ್ಮಲ್ಲೇ ಏಕೆ ಮಡಿ ಎಂಬ ಮಾತೂ ಬರುತ್ತದೆ. ಅಮೆರಿಕದಲ್ಲಿ 2010ರ ಸನ್‌ಶೈನ್ ಕಾಯ್ದೆಯ ಬಳಿಕ ಯಾವ ಕಂಪನಿ ಯಾವ ವೈದ್ಯರಿಗೆ ಏನು ಕೊಟ್ಟಿತೆಂಬುದು ಹೆಸರು ಸಮೇತ ಸಾರ್ವಜನಿಕ ಜಾಲತಾಣದಲ್ಲಿ ಸಿಗುತ್ತದೆ. ಮೇಲೆ ಹೇಳಿದ ಊಟದ ಲೆಕ್ಕ ಸಾಧ್ಯವಾದದ್ದೇ ಅದರಿಂದ. ನಮ್ಮಲ್ಲಿ ಅಂಥ ಪಟ್ಟಿ ಇಲ್ಲ. 2022ರ ಜುಲೈನಲ್ಲಿ ಡೋಲೊ-650 ತಯಾರಿಸುವ ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಮೇಲೆ ತೆರಿಗೆ ದಾಳಿ ನಡೆದು, ಸಾವಿರ ಕೋಟಿಯ ಉಡುಗೊರೆ ಎಂಬ ಆರೋಪ ಬಂದಾಗ ಕಂಪನಿ ಅದನ್ನು ಅಲ್ಲಗಳೆಯಿತು. ಯಾರ ಮಾತು ಸರಿ ಎಂದು ಅಳೆಯಲು ಓದುಗರ ಕೈಯಲ್ಲಿ ಏನಿತ್ತು? ಬಹಿರಂಗ ಪಟ್ಟಿಯೊಂದಿದ್ದಿದ್ದರೆ ನಿರಪರಾಧಿಗಳಿಗೂ ಅದೇ ಗುರಾಣಿಯಾಗುತ್ತಿತ್ತು.

ಮಾಡಬೇಕಾದ ಕೆಲಸ ಅಸಾಧ್ಯದ್ದೇನಲ್ಲ. ಔಷಧ ಕಂಪನಿಯ ಒಂದು ರೂಪಾಯಿ ಇರುವ ಸಿಎಂಇಗೂ, ಅದು ಸಂಘಟನೆಯ ಮೂಲಕವೇ ಬಂದಿರಲಿ, ರಾಜ್ಯ ವೈದ್ಯಕೀಯ ಪರಿಷತ್ತುಗಳು ಅಂಕ ಕೊಡಬಾರದು. ಇದಕ್ಕೆ ಸಂಸತ್ತು ಬೇಕಿಲ್ಲ, ಅಂಕ ಕೊಡುವ ಅಧಿಕಾರ ಪರಿಷತ್ತುಗಳ ಕೈಯಲ್ಲೇ ಇದೆ. ಬೆಂಗಳೂರಿನ ಪರಿಷತ್ತು ಇದನ್ನು ಮೊದಲು ಮಾಡಿ ತೋರಿಸಬಹುದು. 2024ರ ಸಂಹಿತೆಗೆ ಕಾನೂನಿನ ಬಲ ಬರಬೇಕು, ಭಾಷಣಕಾರರ ವಿನಾಯಿತಿ ಹೋಗಬೇಕು. ದ್ವಾರಕಾದಲ್ಲಿರುವ ರಾಷ್ಟ್ರೀಯ ವೈದ್ಯಕೀಯ ಆಯೋಗ ಜೆನೆರಿಕ್ ಜಗಳವನ್ನು ಬೇರೆ ಇಟ್ಟು 35ನೇ ಕಲಮೊಂದನ್ನೇ ಮತ್ತೆ ಹೊರಡಿಸಲಿ. ಅದು ಬರುವ ತನಕ 2016ರ ಶಿಕ್ಷೆಯ ಪಟ್ಟಿ ಜಾರಿಯಲ್ಲೇ ಇದೆ, ಅದರ ಪ್ರಕಾರ ಆರು ಲಕ್ಷದ ಪ್ರವಾಸಕ್ಕೆ ವರ್ಷಕ್ಕೂ ಮೀರಿದ ಅಮಾನತು ಆಗಬೇಕು.