ಥರ್ಡ್‌ಮ್ಯಾನ್‌ನಲ್ಲಿ ನಿಂತ ಹುಡುಗ

ಕೊಚ್ಚಿ ಪಕ್ಕದ ತ್ರಿಪ್ಪುಣಿತ್ತುರಕ್ಕೆ ಹೋದವರು ಹಿಲ್ ಪ್ಯಾಲೇಸ್ ನೋಡಿಕೊಂಡು ಬರುತ್ತಾರೆ. ಕ್ರಿಕೆಟ್ ಹುಚ್ಚಿನವರು ಅಲ್ಲಿನ ಪ್ಯಾಲೇಸ್ ಓವಲ್ ಮೈದಾನವನ್ನೂ ನೋಡಬೇಕು. ದಿನಗಟ್ಟಲೆ ಎಳೆಯುತ್ತಿದ್ದ ಆಟವನ್ನು 50 ಓವರಿಗೆ ಮುಗಿಸುವ ಪೂಜಾ ಟೂರ್ನಿ ಆ ಊರಲ್ಲಿ ಶುರುವಾದದ್ದು 1951ರಲ್ಲಿ, ಕೆ.ವಿ. ಕೇಳಪ್ಪನ್ ತಂಪುರಾನ್ ಅವರಿಗೆ ಹೊಳೆದ ಉಪಾಯವಂತೆ. ಇಂಗ್ಲೆಂಡಿನ ಜಿಲೆಟ್ ಕಪ್ ಬಂದದ್ದು 1963ಕ್ಕೆ. ಆಡುವವರ ವ್ಯವಧಾನಕ್ಕೆ ತಕ್ಕಂತೆ ಆಟವನ್ನು ಕತ್ತರಿಸಿಕೊಳ್ಳಬಹುದು ಎಂಬುದು, ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ತಡೆದುಕೊಳ್ಳಲಾಗದ ಸ್ಥಿತಿ) ಇರುವ ಹದಿಹರೆಯದವರ ವಿಷಯದಲ್ಲಿ ಮಾತ್ರ ನಮಗಿನ್ನೂ ತಲೆಗೆ ಹತ್ತಿಲ್ಲ.

‘ಟೀಮಿಗೆ ಸೇರಿಸಿ, ಸರಿಹೋಗ್ತಾನೆ’ ಎನ್ನುವುದು ಈಗ ಎಲ್ಲರ ಬಾಯಲ್ಲಿರುವ ಸಲಹೆ. ಅರ್ಧ ನಿಜ. ಮೈ ಬೆವರುವಂತೆ ಓಡಿದಾಗ ಮಿದುಳಿನಲ್ಲಿ ಡೋಪಮೈನ್ ಚುರುಕಾಗುತ್ತದೆ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಕೆಲಸ ಮಾಡುವುದೂ ಅದರ ಮೇಲೆಯೇ. ಹಾಗಂತ ಆಟ ಮಾತ್ರೆಗೆ ಬದಲಿಯಲ್ಲ. ಟೀಮಿನಿಂದ ಲಾಭ ಇರುವುದು ಇನ್ನೊಂದು ಕಡೆ, ಗೆಳೆತನದಲ್ಲಿ. ಮಾತಿನ ಮಧ್ಯೆ ಬಾಯಿ ಹಾಕುವ, ಸರದಿ ಕಾಯದ ಹುಡುಗನನ್ನು ಹದಿನಾಲ್ಕು ತುಂಬುವಷ್ಟರಲ್ಲಿ ಎಷ್ಟೋ ಗೆಳೆಯರು ಬಿಟ್ಟಿರುತ್ತಾರೆ. ಆತಂಕ, ಖಿನ್ನತೆ ಒಳಗೆ ಬರಲು ಆ ಒಂಟಿತನವೇ ಸಾಕು. ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತ ಕೂರುವ ಹುಡುಗಿಯರದ್ದಂತೂ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಆದರೆ ಭಾನುವಾರದ ಕ್ರಿಕೆಟ್ ಕೋಚಿಂಗ್ ನೋಡಿ. ನೆಟ್‌ನಲ್ಲಿ ಒಬ್ಬ, ಹೊರಗೆ ಪ್ಯಾಡ್ ಕಟ್ಟಿಕೊಂಡು ಸಾಲಿನಲ್ಲಿ ಹತ್ತು ಮಂದಿ. ಮ್ಯಾಚ್ ದಿನ ಇಂಥ ಹುಡುಗನನ್ನು ಬೌಂಡರಿ ಅಂಚಿನ ಥರ್ಡ್‌ಮ್ಯಾನ್‌ಗೆ ಅಟ್ಟುತ್ತಾರೆ. ಹುಲ್ಲು ಕೀಳುತ್ತ ನಿಂತಿರುವಾಗ ಚೆಂಡು ಕಾಲ ಪಕ್ಕದಲ್ಲೇ ಬೌಂಡರಿ ದಾಟುತ್ತದೆ, ಇಡೀ ಟೀಮು ಒಟ್ಟಿಗೆ ಬಯ್ಯುತ್ತದೆ. ಒಂಟಿತನ ಕಳೆಯಲೆಂದು ಕಳಿಸಿದ ಜಾಗದಲ್ಲೇ ಮರ್ಯಾದೆ ಹೋಯಿತು.

ನಮ್ಮೂರ ಆಟಗಳೇ ಇಂಥ ಮಕ್ಕಳಿಗೆ ವಾಸಿ ಎನ್ನುವುದು ನನ್ನ ಅಂಬೋಣ. ಕಬಡ್ಡಿಯಲ್ಲಿ ರೈಡ್ ಎಂದರೆ 30 ಸೆಕೆಂಡು. ಹಿಡಿಯುವವರಿಗೂ ಅತ್ತಿತ್ತ ನೋಡಲು ಪುರುಸೊತ್ತಿಲ್ಲ. ಖೋ-ಖೋ ಇನ್ನೂ ಸೊಗಸು. ಎಂಟು ಜನ ಒಬ್ಬರು ಬಿಟ್ಟು ಒಬ್ಬರು ಎದುರು ದಿಕ್ಕಿಗೆ ಮುಖ ಮಾಡಿ ಸಾಲಾಗಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಬೆನ್ನಿಗೆ ಕೈ ತಾಗಿ ‘ಖೋ’ ಕೇಳುವ ಮೊದಲೇ ಎದ್ದರೆ ಫೌಲ್. ತಡೆದುಕೊಳ್ಳುವುದು, ಕೇಳಿದ್ದೇ ತಡ ಚಿಮ್ಮುವುದು: ಕ್ಲಾಸಿನಲ್ಲಿ ಬೈದು ಕಲಿಸಲಾಗದ್ದನ್ನು ಆಟ ಕೆಲವೇ ಸೆಕೆಂಡುಗಳಿಗೊಮ್ಮೆ ಮಾಡಿಸುತ್ತದೆ. ಗುಂಪೇ ಒಗ್ಗದ ಮಕ್ಕಳೂ ಇದ್ದಾರೆ. ಮೈಕೆಲ್ ಫೆಲ್ಪ್ಸ್, ಸಿಮೋನ್ ಬೈಲ್ಸ್ ಇಬ್ಬರೂ ತಮಗೆ ಎಡಿಎಚ್‌ಡಿ ಇದೆ ಎಂದು ಬಹಿರಂಗವಾಗಿ ಹೇಳಿಕೊಂಡವರು; ಹೆಸರಾದದ್ದು ಈಜಿನಲ್ಲಿ, ಜಿಮ್ನಾಸ್ಟಿಕ್ಸ್‌ನಲ್ಲಿ.

ಇನ್ನು ಶಿಕ್ಷೆಯ ಮಾತು. ಗಣಿತದಲ್ಲಿ ಮಾರ್ಕ್ಸ್ ಇಳಿದರೆ ಮೊದಲು ನಿಲ್ಲುವುದು ಆಟ; ಎಸ್ಸೆಸ್ಸೆಲ್ಸಿ ವರ್ಷವಂತೂ ಶೂ ಅಟ್ಟ ಸೇರುತ್ತದೆ. ವಾರದಲ್ಲಿ ಆ ಹುಡುಗ ಬೈಗುಳ ತಿನ್ನದ ಗಂಟೆ ಅದೊಂದೇ ಆಗಿದ್ದರೂ ಯಾರೂ ಯೋಚಿಸುವುದಿಲ್ಲ.

ಬೇಸಿಗೆ ಶಿಬಿರಕ್ಕೆ ಫೀಸು ಕಟ್ಟುವ ಅಪ್ಪ ಅಮ್ಮ ಟೀ ಶರ್ಟ್ ಕೊಡುತ್ತೀರಾ ಎಂದು ಮರೆಯದೆ ಕೇಳುತ್ತಾರೆ. ಜೊತೆಗೆ ಇನ್ನೆರಡು ಕೇಳಿ: ಒಂದು ಗಂಟೆಯಲ್ಲಿ ಮಗು ಎಷ್ಟು ನಿಮಿಷ ಸಾಲಿನಲ್ಲಿ ನಿಂತಿರುತ್ತದೆ? ಕ್ಯಾಚ್ ಬಿಟ್ಟಾಗ ಕೋಚ್ ಏನನ್ನುತ್ತಾರೆ?