ಮರ್ಯಾದೆಯ ಕಾವಲುಗಾರರು ಮತ್ತು ಟೆನಿಸ್ ಅಂಗಳ

2008ರ ಮಾರ್ಚ್‌ನಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದ ಟೆನಿಸ್ ಅಂಗಳದಲ್ಲಿ ನಡೆದ ಬೆಂಗಳೂರು ಓಪನ್ ಆರು ಲಕ್ಷ ಡಾಲರ್ ಬಹುಮಾನದ ಎರಡನೇ ಶ್ರೇಣಿಯ ಮಹಿಳಾ ಟೂರ್ನಿಯಾಗಿದ್ದು, ಅದರ ಸಿಂಗಲ್ಸ್‌ನಲ್ಲಿ, ಅಂದರೆ ಒಬ್ಬರಿಗೆ ಒಬ್ಬರೇ ಎದುರಾಗಿ ಆಡುವ ವಿಭಾಗದಲ್ಲಿ, ಸೆರೆನಾ ವಿಲಿಯಮ್ಸ್ ಸೆಮಿಫೈನಲ್‌ನಲ್ಲಿ ಅಕ್ಕ ವೀನಸ್ ಅವರನ್ನೂ ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪ್ಯಾಟಿ ಶ್ನೈಡರ್ ಅವರನ್ನೂ ಮಣಿಸಿದರು. ಆದರೆ ಆ ಟೂರ್ನಿಯ ಕುರಿತು ದೇಶದಲ್ಲಿ ಎದ್ದ ಗದ್ದಲವೆಲ್ಲ ಅಲ್ಲಿ ಆಡದೇ ಉಳಿದ ಭಾರತದ ಆಟಗಾರ್ತಿ ಸಾನಿಯಾ ಮಿರ್ಜಾ ಅವರ ಸುತ್ತಲೇ ಇತ್ತು. ತಾಯ್ನಾಡಿನಲ್ಲಿ ಆಡಿದಾಗಲೆಲ್ಲ ವಿವಾದ ಬೆನ್ನು ಹತ್ತುತ್ತದೆಯೆಂದು ಹಿಂದೆ ಸರಿದ ಅವರನ್ನು ಅಹಂಕಾರಿಯೆಂದೂ ದೇಶವನ್ನು ಕಡೆಗಣಿಸಿದವರೆಂದೂ ಜರೆದವರ ವಾದ ಅಂದೂ ಟೊಳ್ಳಾಗಿತ್ತು, ಇಂದೂ ಟೊಳ್ಳೇ ಆಗಿದೆ.

2005ರ ಫೆಬ್ರವರಿಯಲ್ಲಿ ಹೈದರಾಬಾದ್ ಓಪನ್ ಗೆದ್ದು, ಮಹಿಳಾ ವೃತ್ತಿಪರ ಟೆನಿಸ್ ಸಂಸ್ಥೆಯಾದ ಡಬ್ಲ್ಯುಟಿಎಯ ಸಿಂಗಲ್ಸ್ ಪ್ರಶಸ್ತಿಯನ್ನು ಭಾರತಕ್ಕೆ ಮೊದಲ ಬಾರಿ ತಂದ ಸಾನಿಯಾ ಅವರ ಉಡುಪಿನ ಮೇಲೆ ಅದೇ ವರ್ಷ ಧರ್ಮಗುರುಗಳ ಆಕ್ಷೇಪ ಎರಗಿತು. 2007ರ ಕೊನೆಗೆ ಹೈದರಾಬಾದಿನ ಮೆಕ್ಕಾ ಮಸೀದಿಯ ಆವರಣದಲ್ಲಿ ನಡೆದ ಜಾಹೀರಾತು ಚಿತ್ರೀಕರಣ ದೂರಿಗೆ ಗುರಿಯಾಯಿತು. 2008ರ ಆರಂಭದಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ತೆಗೆದ ಒಂದು ಛಾಯಾಚಿತ್ರದಲ್ಲಿ ಅವರ ಪಾದ ರಾಷ್ಟ್ರಧ್ವಜದ ಸಮೀಪ ಕಂಡಿತೆಂಬ ಕಾರಣಕ್ಕೆ ಭೋಪಾಲದ ನ್ಯಾಯಾಲಯಕ್ಕೂ ದೂರು ಹೋಯಿತು. ಇವುಗಳಲ್ಲಿ ಮಸೀದಿಯ ದೂರಿಗೆ ತಕ್ಕ ಕಾರಣವಿತ್ತು, ಅದಕ್ಕೆ ಅವರು ಕ್ಷಮೆಯನ್ನೂ ಕೇಳಿದರು. ಉಳಿದವುಗಳಲ್ಲಿ ಒಂದು ಆಟದ ಉಡುಪನ್ನೂ ಇನ್ನೊಂದು ಕ್ಯಾಮೆರಾದ ಕೋನವನ್ನೂ ಅಪರಾಧವಾಗಿಸಲು ಹೊರಟಿತ್ತು.

ದೇಶವನ್ನು ಕಡೆಗಣಿಸಿದರೆಂಬ ಆರೋಪಕ್ಕೆ ಉತ್ತರ ಅವರ ಆಟದ ದಾಖಲೆಯಲ್ಲೇ ಇದೆ. ಅದೇ ವರ್ಷದ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅವರು ಭಾರತದ ಪರವಾಗಿ ಆಡಿದರು, 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಸಿಂಗಲ್ಸ್‌ನಲ್ಲಿ ಬೆಳ್ಳಿ ಗೆದ್ದರು. ಇದಕ್ಕಿಂತ ಇರಿಯುವ ಸಂಗತಿಯೆಂದರೆ, ಅಂಥದೇ ಉಡುಪು ತೊಟ್ಟು ಕಬ್ಬನ್ ಉದ್ಯಾನದಲ್ಲಿ ಆಡಿದ ವಿದೇಶಿ ಆಟಗಾರ್ತಿಯರಿಗೆ ಚಪ್ಪಾಳೆ ಸಂದಿತು, ಅಳತೆಪಟ್ಟಿ ಮಾತ್ರ ಮನೆಮಗಳ ಲಂಗಕ್ಕೇ ಮೀಸಲಾಯಿತು. ಹೆಣ್ಣು ‘ನಮ್ಮವಳು’ ಆದೊಡನೆ ಅವಳ ಮೈ ಊರಿನ ಆಸ್ತಿಯಾಗುತ್ತದೆಂಬ ನಂಬಿಕೆಯಲ್ಲದೆ ಈ ಭೇದಕ್ಕೆ ಬೇರೆ ಆಧಾರವಿಲ್ಲ.

ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡದಂಥ ಊರಿಗೆ ಈ ಟೆನಿಸ್ ವಿವಾದ ದೂರದ ಮಾತೆಂದು ತೋರಬಹುದು. ಆದರೆ ತಾಲ್ಲೂಕು ಮಟ್ಟದ ಖೋಖೋ ಪಂದ್ಯಕ್ಕೆ ಮಗಳನ್ನು ಕಳಿಸುವ ಮುನ್ನ ‘ಚಡ್ಡಿ ಹಾಕ್ಕೊಂಡು ಆಡ್ತಾಳಂದ್ರ ಮಂದಿ ಏನಂದಾರು’ ಎಂದು ಹಿಂಜರಿಯುವ ತಾಯಿಯ ಅಂಜಿಕೆಯೂ ಧರ್ಮಗುರುಗಳ ಆ ಆಕ್ಷೇಪವೂ ಒಂದೇ ಬೇರಿನ ಚಿಗುರುಗಳು. ವಿಶ್ವ ಶ್ರೇಯಾಂಕದಲ್ಲಿ 27ನೇ ಸ್ಥಾನಕ್ಕೇರಿದ, ಹೆಸರೂ ಹಣವೂ ಇದ್ದ ಆಟಗಾರ್ತಿಯೇ ಈ ಒತ್ತಡಕ್ಕೆ ಮಣಿದು ತವರಿನ ಟೂರ್ನಿ ಬಿಡಬೇಕಾಯಿತೆಂದರೆ, ಹೈಸ್ಕೂಲು ಮುಗಿಸುತ್ತಲೇ ಆಟ ಬಿಡುವ ಹುಡುಗಿಗೆ ಛಲವಿಲ್ಲವೆಂದು ದೂರುವುದು ಅನ್ಯಾಯ. ಸೈಕ್ಲಿಂಗ್‌ಗೆ ಹೆಸರಾದ ವಿಜಯಪುರ ಜಿಲ್ಲೆಯಲ್ಲಿ ಮೈಗಂಟಿದ ಜೆರ್ಸಿ ತೊಟ್ಟ ಹುಡುಗಿಯರು ರಸ್ತೆಗಿಳಿಯುತ್ತಾರೆ, ಉಡುಪು ಆಟದ ಸಲಕರಣೆಯೇ ಹೊರತು ನಡತೆಯ ಪ್ರಮಾಣಪತ್ರವಲ್ಲವೆಂಬುದು ಅಲ್ಲಿ ಈಗಾಗಲೇ ಸಾಬೀತಾಗಿದೆ.

2008ರ ನಂತರ ಬೆಂಗಳೂರು ಆ ಟೂರ್ನಿಯನ್ನು ಕಳೆದುಕೊಂಡಿತು, ಡಬ್ಲ್ಯುಟಿಎಯ ಮುಖ್ಯ ಸರಣಿಯ ಟೂರ್ನಿ ಭಾರತಕ್ಕೆ ಮರಳಿದ್ದು 2022ರಲ್ಲಿ ಚೆನ್ನೈಗೆ. ಅದಕ್ಕೆ ಕಾರಣ ಈ ವಿವಾದವೆಂದು ಹೇಳಲಾಗದಿದ್ದರೂ, ಟೂರ್ನಿ ಕೈತಪ್ಪಿದ್ದಕ್ಕೆ ಲಂಗದ ಉದ್ದಕ್ಕಾದಷ್ಟು ಗದ್ದಲ ಎಲ್ಲಿಯೂ ಆಗಲಿಲ್ಲ. ಆಟದ ಉಡುಪನ್ನು ಆಟದ ನಿಯಮ ನಿರ್ಧರಿಸಲಿ. ಮಿಕ್ಕವರಿಗೆ ಅದರಲ್ಲಿ ಮಾತಿಲ್ಲವೆಂದು ಶಾಲೆಯ ಆಡಳಿತ ಮಂಡಳಿಯೂ ಊರ ಹಿರಿಯರೂ ಬಾಯಿಬಿಟ್ಟು ಹೇಳಬೇಕು.